ತೆರೆದ ಕೂಡಲೇ ಮುಚ್ಚಿಕೊಳ್ಳುವ ಫೋಲ್ಡರು

ಕಂಪ್ಯೂಟರ್ ತಾನಾಗಿ ಕೆಡುವುದು ಅಪರೂಪ. ಮನೆಯವರೆಲ್ಲ ಸೇರಿ ಕೆಡಿಸಿ, "ನಾವೇನೂ ಮಾಡಿಲ್ಲ, ತಂತಾನೇ ಹಿಂಗಾಯ್ತು" ಅನ್ನುವುದು ಮಾತ್ರ, ನಾನು ದೇವನಹಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟಾಗಿನಿಂದ ಒಂದು ವಾರವೂ ತಪ್ಪಿಲ್ಲ. ಏರ್‌ಪೋರ್ಟ್ ಬಂದ ಹೊಸದರಲ್ಲಿ ನಮ್ಮ ಕಡೆ ಮನೆಮನೆಗೂ ಕಂಪ್ಯೂಟರ್ ಬಂತು. ಟೀವಿ ಪಕ್ಕ ಒಂದು ಮೇಜು, ಅದರ ಮೇಲೆ ಕಸೂತಿ ಬಟ್ಟೆ, ಮಾನಿಟರಿನ ಹಣೆಗೆ ಕುಂಕುಮ. ದೂರು ಎಲ್ಲರದೂ ಒಂದೇ: ಫೋಲ್ಡರ್ ತೆಗೆದರೆ ಅರೆಗಳಿಗೆ ಇದ್ದು ಮುಚ್ಚಿಕೊಂಡುಬಿಡುತ್ತೆ. ಫೋನ್ ಮಾಡಿದಾಗ ನನ್ನ ದನಿ ಕೇಳಿ, ಅಂಗಡಿಯಲ್ಲಿ ಫೋನ್ ಎತ್ತುವವಳು ಅಂದುಕೊಂಡಿರುತ್ತಾರೆ. ಮನೆಗೆ ಹೋದರೆ ಬಾಗಿಲು ತೆಗೆದು ನನ್ನ ಬೆನ್ನ ಹಿಂದೆ ಇಣುಕಿ, "ರಿಪೇರಿಯವರು ಎಲ್ಲಿ?" ಅಂತಾರೆ. ನಾನೇ ಅಂದರೆ ಇನ್ನೊಂದು ಸಲ ಇಣುಕುತ್ತಾರೆ.

೧. ಕಾವಲಿಗೆ ಕಾವಲು

ಕುಂದಾಣದ ಹತ್ತಿರ ಒಬ್ಬ ದ್ರಾಕ್ಷಿ ಬೆಳೆಗಾರರ ಮನೆ. ಫೋಲ್ಡರ್ ಮುಚ್ಚಿಕೊಳ್ಳುತ್ತೆ ಅಂತ ಅವರು ಮೊದಲು ಕರೆಸಿದ್ದು ನನ್ನನ್ನಲ್ಲ, ವಾಸ್ತು ನೋಡುವವರನ್ನು. ಅವರು ಬಂದು ಕಂಪ್ಯೂಟರನ್ನು ಪೂರ್ವಕ್ಕೆ ತಿರುಗಿಸಿ ಹೋಗಿದ್ದರು. ಪೂರ್ವದ ಕಡೆ ಪ್ಲಗ್ ಇರಲಿಲ್ಲ. ನಡುಮನೆಗೆ ಅಡ್ಡಲಾಗಿ ಮೊಣಕಾಲೆತ್ತರಕ್ಕೆ ವೈರ್ ಎಳೆದಿದ್ದರು, ಮನೆಮಂದಿಯೆಲ್ಲ ಸೀರೆ ಪಂಚೆ ಎತ್ತಿಕೊಂಡು ದಾಟುತ್ತಿದ್ದರು. ನಾನೂ ದಾಟಿ ಹೋಗಿ ಕೂತೆ.

ನೋಡಿದರೆ ಒಳಗೆ ಮೂರು ಆಂಟಿವೈರಸ್. ಯಾವ ಫೈಲ್ ಮುಟ್ಟಿದರೂ ಮೂರೂ ಒಟ್ಟಿಗೆ ಅದರ ಮೇಲೆ ಬಿದ್ದು, ಒಂದನ್ನೊಂದು ಕಳ್ಳ ಅಂತ ಹಿಡಿಯುತ್ತಿದ್ದವು. ಒಂದು ಸಾಲದೇ ಅಂತ ಕೇಳಿದೆ. ಒಂದು ನಿದ್ದೆ ಹೋದರೆ ಇರಲಿ ಅಂತ ಎರಡನೆಯದು ಅಂದರು. ಮತ್ತೆ ಮೂರನೆಯದು?

"ಆ ಎರಡರ ಮೇಲೂ ಒಂದು ಕಣ್ಣಿರ್ಲಿ ಅಂತ."

ಎರಡನ್ನು ತೆಗೆದುಹಾಕಿದೆ. ಫೋಲ್ಡರ್ ತೆರೆಯಿತು, ತೆರೆದೇ ಇತ್ತು. ಅವರು ಐದು ನಿಮಿಷ ರೆಪ್ಪೆ ಹೊಡೆಯದೆ ನೋಡಿ, ಹೆಂಡತಿಯ ಕಡೆ ತಿರುಗಿ ಹೇಳಿದರು:

"ನೋಡ್ದಾ, ಪೂರ್ವಕ್ಕೆ ತಿರುಗ್ಸಿದ್ದು ಈಗ ಕೆಲ್ಸ ಮಾಡ್ತು."

೨. ಹೆಸರಿನ ಮಹಿಮೆ

ಬೂದಿಗೆರೆಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ಅವರ ಕಂಪ್ಯೂಟರಿನಲ್ಲಿ ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು, ಹೀಗೆ ಒಂಬತ್ತು ಸುತ್ತಿನ ಕೋಟೆ. ಕೊನೆಯ ಸುತ್ತಿನಲ್ಲಿದ್ದ ಫೈಲಿನ ಹೆಸರು ಇದು: "ನಮ್ಮ ಬೀದಿಯ ಚರಂಡಿಯನ್ನು ಕಳೆದ ಮೂರು ತಿಂಗಳಿಂದ ಸ್ವಚ್ಛಗೊಳಿಸದೇ ಇರುವ ಕಾರಣ ಸೊಳ್ಳೆಗಳು ಹೆಚ್ಚಾಗಿದ್ದು ಈ ಕುರಿತು ಈ ಹಿಂದೆ ಎರಡು ಬಾರಿ ಬರೆದರೂ ಕ್ರಮ ಕೈಗೊಳ್ಳದಿರುವ ಬಗ್ಗೆ ಪಂಚಾಯಿತಿಗೆ ಮೂರನೇ ಅರ್ಜಿ." ಒಂಬತ್ತು ಫೋಲ್ಡರುಗಳ ಹೆಸರುಗಳೂ ಇದೇ ಉದ್ದ. ಅಲ್ಲಿಗೆ ಹೋಗುವಷ್ಟರಲ್ಲಿ ಕಂಪ್ಯೂಟರಿಗೆ ಉಸಿರು ಕಟ್ಟಿ ಬಿದ್ದುಹೋಗುತ್ತಿತ್ತು.

ಹೆಸರು ಚಿಕ್ಕದಾಗಿರಬೇಕು ಸಾರ್, "ಚರಂಡಿ ಮೂರು" ಅಂತಿಟ್ಟರೆ ಸಾಕು ಅಂದೆ. ಕರ್ತೃ, ಕರ್ಮ, ಕ್ರಿಯಾಪದ ಇಲ್ಲದ್ದನ್ನು ತಾವು ಜೀವಮಾನದಲ್ಲಿ ಬರೆದವರಲ್ಲ ಅಂತ ಅವರು ಕನ್ನಡಕ ಒರೆಸಿಕೊಂಡರು. ಒಂದು ಗಂಟೆ ವಾದವಾಯಿತು. ಕೊನೆಗೆ ಹೆಸರು ಕತ್ತರಿಸಲು ಬಿಟ್ಟರು, ತಲೆ ಬೋಳಿಸಲು ಮಗುವನ್ನು ಒಪ್ಪಿಸಿದವರ ಹಾಗೆ ಮುಖ ಮಾಡಿಕೊಂಡು. ಸರಿಹೋಯಿತೋ ಇಲ್ಲವೋ ನೋಡೋಣ ಅಂತ ಆ ಅರ್ಜಿಯನ್ನು ತೆಗೆದೆ. ಒಳಗೆ ಇಷ್ಟೇ ಇತ್ತು:

"ಮಾನ್ಯರೇ, ವಿಷಯ ತಮಗೆ ತಿಳಿದೇ ಇದೆ."

೩. ಮನೆಯ ಮಾತು

ಹೊಸಕೋಟೆಯಲ್ಲಿ ಒಬ್ಬರು ಟೀಚರಮ್ಮ. ಫೋಲ್ಡರ್ ಮುಚ್ಚಿಕೊಂಡಾಗಲೆಲ್ಲ ಪರದೆಯ ಮೇಲೆ, ತೊಂದರೆ ಆಗಿದೆ, ತಯಾರಿಸಿದವರಿಗೆ ವರದಿ ಕಳಿಸಲೇ ಅಂತ ಒಂದು ಪ್ರಶ್ನೆ ಬರುತ್ತದಲ್ಲ. ಎಂಟು ತಿಂಗಳಿಂದ ದಿನಕ್ಕೆ ನಾಲ್ಕು ಸಲ "ಬೇಡ" ಒತ್ತಿದ್ದರು. ಯಾಕೆ ಅಂದೆ. "ನಮ್ಮನೆ ವಿಷ್ಯ ಹೊರಗಿನೋರಿಗೆ ಯಾಕಮ್ಮ?" ಅಂದರು. ಮನೆಯ ಮಾನ ಕಾದವರಿಗೆ, ಕಳಿಸಿದ್ದರೂ ಅದನ್ನು ಯಾರೂ ಓದುತ್ತಿರಲಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

೪. ಬೀಗರೂಟ

ಇದು ದೇವನಹಳ್ಳಿಯಲ್ಲೇ ನಡೆದದ್ದು. ಊರಿಗೆ ದೊಡ್ಡ ಮನುಷ್ಯರು ಒಬ್ಬರು. ಆ ದೊಡ್ಡಸ್ತಿಕೆಯನ್ನು ಅವರೇ ಬಂದವರಿಗೆಲ್ಲ ನೆನಪಿಸುತ್ತಿದ್ದರು. ಮಗಳ ಮದುವೆಯ ಫೋಲ್ಡರ್ ಮುಟ್ಟಿದರೆ ಸಾಕು, ಎಲ್ಲ ಮುಚ್ಚಿಕೊಳ್ಳುತ್ತಿತ್ತು. ಭಾನುವಾರ ಬೀಗರು ಮದುವೆ ವಿಡಿಯೋ ನೋಡಲು ಬರುವವರಿದ್ದರು. ತೋರಿಸದಿದ್ದರೆ ಮಾನ ಹೋಗುತ್ತೆ ಅಂತ ಗುರುವಾರ ನನ್ನನ್ನು ಕರೆಸಿದರು.

ತಪ್ಪು ಒಂದೇ ಒಂದು ವಿಡಿಯೋದ್ದು. ಫೋಲ್ಡರ್ ತೆಗೆದಾಗ ಕಂಪ್ಯೂಟರ್ ಪ್ರತಿ ವಿಡಿಯೋದಿಂದ ಒಂದು ಪುಟ್ಟ ಚಿತ್ರ ತೆಗೆದು ತೋರಿಸುತ್ತದೆ. ಇದು ಕ್ಯಾಮೆರಾ ಬ್ಯಾಟರಿ ಮುಗಿದು ಅರ್ಧಕ್ಕೇ ನಿಂತ ಫೈಲು, ಇದರಿಂದ ಚಿತ್ರ ಸಿಗದೆ ಫೋಲ್ಡರೇ ಮುಚ್ಚಿಕೊಳ್ಳುತ್ತಿತ್ತು. ಗಂಡಿನ ಕಡೆಯವರು ಹಾಕಿಸಿದ ಬೀಗರೂಟದ ವಿಡಿಯೋ ಅದು. ಇದೊಂದನ್ನು ಅಳಿಸಿದರೆ ಉಳಿದದ್ದೆಲ್ಲ ಸರಿಹೋಗುತ್ತೆ, ಅಳಿಸಲೇ ಅಂತ ಕೇಳಿದೆ. ಅವರು ಸಿಡುಕಿದರು. "ಬೀಗರ ಊಟಾನೇ ಇಲ್ಲ ಅಂದ್ರೆ ಅವ್ರು ಏನಂದ್ಕೋತಾರೆ? ನಿಂಗೆ ಆಗಲ್ಲ ಅಂದ್ರೆ ಹೇಳಮ್ಮ, ಬೆಂಗಳೂರಿಂದ ಗಂಡಸ್ರನ್ನ ಕರೆಸ್ತೀನಿ."

ಆ ಮಾತಿಗೆ ರೋಷ ಬಂತು. ಫೈಲನ್ನು ಅಂಗಡಿಗೆ ಒಯ್ದು, ಎರಡು ದಿನ ಗುದ್ದಾಡಿ ಸರಿಮಾಡಿದೆ. ಮೊದಲ ಒಂದು ನಿಮಿಷ ನೋಡಿದೆ. ಪಂಕ್ತಿ, ಎಲೆ, ಬಡಿಸುವವರು, ಎಲ್ಲ ಸರಿಯಾಗಿತ್ತು. ಭಾನುವಾರ ಹೋಗಿ ನಾನೇ ಹಾಕಿದೆ. ನಡುಮನೆ ತುಂಬ ಬೀಗರ ಕಡೆಯವರು, ಕೈಯಲ್ಲಿ ಕೋಡುಬಳೆ ತಟ್ಟೆ.

ಎರಡನೇ ನಿಮಿಷಕ್ಕೆ ಚಿತ್ರ ಅಲುಗಾಡಿ ನಿಂತಿತು. ವಿಡಿಯೋದವನು ಹಸಿದು, ಆಫ್ ಮಾಡುವುದನ್ನು ಮರೆತು, ಕ್ಯಾಮೆರಾವನ್ನು ಪಂಕ್ತಿಯ ತುದಿಯಲ್ಲಿಟ್ಟು ಊಟಕ್ಕೆ ಕೂತಿದ್ದ. ಪರದೆಯ ಮೇಲೆ ಒಂದು ಎಲೆ, ಮೂರು ಉಂಗುರದ ಒಂದು ಕೈ. ದನಿ ಮನೆಯ ಯಜಮಾನರದೇ, ಪಕ್ಕದಲ್ಲಿ ಕೂತ ಭಾವಮೈದನಿಗೆ ಹೇಳುತ್ತಿದ್ದರು:

"ಲೇ, ಇವ್ರು ಕುರಿ ಕೊಯ್ದಿದಾರೋ, ಇಲ್ಲ ಸಾರಿನ ಪಾತ್ರೆ ಪಕ್ಕ ಕುರಿನ ಒಂದ್ಸಲ ನಡೆಸ್ಕೊಂಡು ಹೋದ್ರೋ?"

ನಡುಮನೆಯಲ್ಲಿ ಕೋಡುಬಳೆ ಕಡಿಯುವ ಸದ್ದು ನಿಂತಿತು. ಯಜಮಾನರು ನನ್ನ ಕಡೆ ನೋಡಿ, ನಿಲ್ಲಿಸು ಅಂತ ಕಣ್ಣಲ್ಲೇ ಬೇಡಿದರು. ನಾನು ಮೌಸಿಗೆ ಕೈ ಹಾಕುವಷ್ಟರಲ್ಲಿ ಬೀಗರು ತಟ್ಟೆ ಕೆಳಗಿಟ್ಟು, ಬಹಳ ಮರ್ಯಾದೆಯಿಂದ ಹೇಳಿದರು:

"ಸೌಂಡ್ ಸ್ವಲ್ಪ ಜಾಸ್ತಿ ಮಾಡಮ್ಮ."

ಜಾಸ್ತಿ ಮಾಡಿದೆ. ಬಂದ ನೆಂಟರ ಮಾತು ಮೀರಬಾರದಲ್ಲ. ಬ್ಯಾಟರಿ ಮುಗಿಯುವ ತನಕ ಹದಿನೆಂಟು ನಿಮಿಷ ಓಡಿತು. ಮುದ್ದೆ ನಿಂಬೆಹಣ್ಣಿನಷ್ಟಿತ್ತು, ಬೀಗಿತ್ತಿ ಬಡಿಸುವಾಗ ಸೌಟಿಗೇ ದುಃಖವಾಗುತ್ತಿತ್ತು ಎಂಬುದೆಲ್ಲ ಬಂತು. ಬೀಗರು ಪೂರ್ತಿ ನೋಡಿ, ಕಾಫಿ ಮುಟ್ಟದೆ ಎದ್ದು ಹೋದರು.

ಮಾರನೇ ದಿನ ಬೆಳಿಗ್ಗೆ ಯಜಮಾನರು ತಾವೇ ಕಂಪ್ಯೂಟರ್ ಹೊತ್ತುಕೊಂಡು ಅಂಗಡಿಗೆ ಬಂದರು. ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ಅಮ್ಮಾ, ಇದು ಮೊದ್ಲು ಹೆಂಗೆ ಕೆಟ್ಟಿತ್ತೋ ಹಂಗೇ ಮಾಡ್ಕೊಡ್ತೀಯಾ? ಬೀಗ್ರು ಇನ್ನೊಂದ್ಸಲ ನೋಡ್ಬೇಕಂತೆ, ಅವ್ರ ಊರೋರ್ನೆಲ್ಲ ಕರ್ಕೊಂಡು ಬರ್ತಾರಂತೆ."