ಬಾಬಾರ ಪಿಸ್ತೂಲು ಮತ್ತು ಸಲಾಂ ಹೇಳಿದ ಕಳ್ಳ

ಇಂಥವು ನನ್ನನ್ನೇ ಹುಡುಕಿಕೊಂಡು ಯಾಕೆ ಬರುತ್ತವೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕುವೈತಿಗೆ ಬಂದು ನರ್ಸ್ ಕೆಲಸಕ್ಕೆ ಸೇರಿದಾಗಿನಿಂದ ಒಂದಲ್ಲ ಒಂದು ಫಜೀತಿ. ಜೊತೆಯವರಿಗೆಲ್ಲ ಬಿಪಿ, ಶುಗರ್ ಇರುವ ಸಾಮಾನ್ಯ ರೋಗಿಗಳು ಸಿಗುತ್ತಾರೆ. ನನಗೆ ಸಿಕ್ಕವರು ಬಿಪಿ, ಶುಗರ್ ಮತ್ತು ಪಿಸ್ತೂಲು ಇರುವವರು.

ಆಸ್ಪತ್ರೆ ಬಿಟ್ಟು, ಮನೆಗೇ ಹೋಗಿ ರೋಗಿಯನ್ನು ನೋಡಿಕೊಳ್ಳುವ ಕೆಲಸ ಹಿಡಿದ ಮೇಲಿನ ಕಥೆ ಇದು. ನಾನಿರುವುದು ಫರ್ವಾನಿಯಾದ ಫ್ಲ್ಯಾಟಿನಲ್ಲಿ, ಡ್ಯೂಟಿ ಎಗೈಲಾದ ಒಂದು ದೊಡ್ಡ ಮನೆಯಲ್ಲಿ. ಮನೆಯ ಯಜಮಾನರು ಸೈನ್ಯದಿಂದ ನಿವೃತ್ತರಾದ ಕುವೈತಿ ಅಧಿಕಾರಿ. ನಾವೆಲ್ಲ ಅವರನ್ನು ಬಾಬಾ ಎನ್ನುತ್ತಿದ್ದೆವು. ಹೆಂಡತಿ ತೀರಿಕೊಂಡಿದ್ದರು, ಮಗ ಮಗಳು ಬೇರೆ ಬೇರೆ ಮನೆಗಳಲ್ಲಿ. ಬಾಬಾರಿಗೆ ಕೈನಡುಕದ ಕಾಯಿಲೆ. ಚಮಚದಲ್ಲಿ ಸೂಪು ಎತ್ತಿದರೆ ಅರ್ಧ ಬಾಯಿಗೆ, ಅರ್ಧ ಗಡ್ಡಕ್ಕೆ. ಆದರೆ ದನಿ ಮಾತ್ರ ಈಗಲೂ ಮೈದಾನದಲ್ಲಿ ಪರೇಡ್ ಮಾಡಿಸುವ ದನಿ. ಹುಡುಗರಾಗಿದ್ದಾಗ ತಂದೆಯ ಜೊತೆ ಬೊಂಬಾಯಿಗೆ ವ್ಯಾಪಾರಕ್ಕೆ ಹೋಗಿ ಕಲಿತ ಹಿಂದಿ ಅವರಿಗೆ ಬರುತ್ತಿತ್ತು. ನಮ್ಮ ಮಾತುಕತೆಯೆಲ್ಲ ಅದರಲ್ಲೇ.

ದಿಂಬಿನ ಕೆಳಗಿನ ಔಷಧ

ಮೊದಲ ದಿನ ಬೆಳಿಗ್ಗೆ ಹಾಸಿಗೆ ಸರಿ ಮಾಡಲು ಹೋದೆ. ರೋಗಿಗಳ ದಿಂಬಿನ ಕೆಳಗೆ ಏನೇನಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಜಪಸರ, ಮೊಬೈಲು, ನೆಂಟರು ಕದ್ದು ತಂದುಕೊಟ್ಟ ಸಮೋಸ. ಇಲ್ಲಿ ಕೈಗೆ ತಣ್ಣಗೆ ಏನೋ ತಗುಲಿತು. ದಿಂಬು ಎತ್ತಿ ನೋಡಿದರೆ ಪಿಸ್ತೂಲು.

ನಮ್ಮ ಊರಲ್ಲಿ ಅಜ್ಜನ ಹತ್ತಿರ ಹಂದಿ ಓಡಿಸುವ ಕೋವಿ ಇತ್ತು. ಅದನ್ನು ಗೋಡೆಗೆ ನೇತುಹಾಕುತ್ತಿದ್ದರು, ತಲೆಯಡಿಗೆ ಇಟ್ಟುಕೊಂಡು ಮಲಗುತ್ತಿರಲಿಲ್ಲ.

"ಬಾಬಾ, ಇದೆಂತದು?" ಎಂದೆ.

ಬಾಬಾ ಕಿಟಕಿಯ ಕಡೆ ನೋಡುತ್ತಾ, "ಔಷಧ," ಎಂದರು.

"ಯಾವ ಕಾಯಿಲೆಗೆ?"

"ಕಳ್ಳರ ಕಾಯಿಲೆಗೆ. ಹಿಂದಿನ ಬೀದಿಯ ಮನೆಗೆ ಹೋದ ತಿಂಗಳು ನುಗ್ಗಿದ್ದಾರೆ. ಲೈಸೆನ್ಸ್ ಉಂಟು, ಹೆದರಬೇಡ."

ಲೈಸೆನ್ಸ್ ಇದ್ದದ್ದು ಪಿಸ್ತೂಲಿಗೆ, ನಡುಗುವ ಕೈಗಲ್ಲವಲ್ಲ. ನನ್ನ ಹೆದರಿಕೆ ಅದೇ. ದಿನವಿಡೀ ಆ ಹಾಸಿಗೆಯ ಸುತ್ತ ಓಡಾಡುವವಳು ನಾನು. ಕೆಲಸ ಬಿಟ್ಟು ಹೋಗೋಣವೆಂದರೆ, ನನ್ನ ಕೈಯಿಂದ ಒಂದು ಲೋಟ ನೀರು ಕುಡಿದು ಆ ಮುದುಕರು ಎರಡು ಕೈ ಎತ್ತಿ ನನ್ನ ಮಕ್ಕಳಿಗೆ ಒಳ್ಳೆಯದಾಗಲಿ ಎಂದುಬಿಟ್ಟಿದ್ದರು. ಹಾಗೆಂದವರನ್ನು ಬಿಟ್ಟು ಹೋಗುವುದು ಹೇಗೆ? ಔಷಧದ ಪಟ್ಟಿ ತೆಗೆದು ಕೇಳಿದೆ: "ಇದನ್ನು ಊಟಕ್ಕೆ ಮೊದಲು ಕೊಡುವುದಾ, ಊಟ ಆದ ಮೇಲಾ?"

ಶುಕ್ರವಾರದ ತೀರ್ಮಾನ

ಶುಕ್ರವಾರ ಮಧ್ಯಾಹ್ನ ಮಕ್ಕಳೆಲ್ಲ ತಂದೆಯ ಮನೆಗೆ ಊಟಕ್ಕೆ ಬರುವುದು ಅಲ್ಲಿಯ ಪದ್ಧತಿ. ಆ ಶುಕ್ರವಾರ ಅನ್ನದ ದೊಡ್ಡ ಹರಿವಾಣದ ಸುತ್ತ ಕುಳಿತು ಪಿಸ್ತೂಲಿನ ವಿಚಾರಣೆ ನಡೆಯಿತು.

ಮಗ ಹೇಳಿದ, "ತಿಜೋರಿಯಲ್ಲಿ ಬೀಗ ಹಾಕಿ ಇಡೋಣ."

ಮಗಳು ಶಾಲೆಯಲ್ಲಿ ಟೀಚರ್. ಅವಳೆಂದಳು, "ಅಷ್ಟೇ ಸಾಲದು. ಪಿಸ್ತೂಲು ಒಂದು ಕಡೆ, ಗುಂಡು ಇನ್ನೊಂದು ಕಡೆ ಇರಲಿ. ಇಲ್ಲದಿದ್ದರೆ ಅಪ್ಪ ನನ್ನ ಮನೆಗೆ ಬಂದು ಇರಲಿ."

ಬಾಬಾರಿಗೆ ರೇಗಿತು. "ಈ ಮನೆ ಬಿಟ್ಟು ನಾನೆಲ್ಲಿಗೂ ಬರುವುದಿಲ್ಲ. ಕಳ್ಳ ಬಂದರೆ ನಾನೇನು ಮಾಡಬೇಕು? ಬಾರಪ್ಪ, ಕೂತ್ಕೋ, ಕಾಫಿ ಕುಡಿ, ಅಷ್ಟರಲ್ಲಿ ನಾನು ಬೀಗದ ಕೈ ಹುಡುಕುತ್ತೇನೆ ಎನ್ನಬೇಕಾ?"

ಕೊನೆಗೆ ನನ್ನನ್ನು ಕೇಳಿದರು. ನಾನು ಮುಚ್ಚುಮರೆ ಮಾಡದೆ ಹೇಳಿದೆ: "ಆ ಕೋಣೆಯಲ್ಲಿ ಗುಂಡು ಇರಬೇಕು, ಇಲ್ಲವೇ ನಾನಿರಬೇಕು."

ಬಾಬಾ ತುಂಬಾ ಹೊತ್ತು ಯೋಚಿಸಿದರು. ಅಷ್ಟು ಹೊತ್ತು ಯೋಚಿಸಿದ್ದು ನನಗೆ ಸ್ವಲ್ಪ ಬೇಸರವೇ ಆಯಿತು. ಆಮೇಲೆ "ಸರಿ, ಸಿಸ್ಟರ್ ಇರಲಿ," ಎಂದರು. ಪಿಸ್ತೂಲು ಕಪಾಟಿಗೆ ಹೋಯಿತು. ಗುಂಡುಗಳನ್ನು ಒಂದು ಡಬ್ಬಿಗೆ ಹಾಕಿ ಅಡುಗೆಮನೆಯ ಅಟ್ಟಣಿಗೆಯಲ್ಲಿಟ್ಟರು.

ಅಡುಗೆಯವರು ನಮ್ಮ ಬಂಟ್ವಾಳ ಕಡೆಯವರು. ಅವರ ಹತ್ತಿರ ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ. ಮರುದಿನ ಮಧ್ಯಾಹ್ನದ ಊಟಕ್ಕೆ ಅಂಗಡಿಯ ಖುಬ್ಬೂಸ್ ರೊಟ್ಟಿ, ಮೊಸರು, ಸೌತೆಕಾಯಿ. ರಾತ್ರಿಗೂ ಅದೇ. ಅದರ ಮರುದಿನವೂ ಅದೇ. ನಾನು ಅಡುಗೆಮನೆಗೆ ಹೋಗಿ ಕೇಳಿದೆ, "ಎಂತ ಅಣ್ಣ, ಗ್ಯಾಸ್ ಮುಗಿದಿದೆಯಾ?"

"ಗ್ಯಾಸ್ ಉಂಟು ಸಿಸ್ಟರಕ್ಕ, ಧೈರ್ಯ ಇಲ್ಲ," ಎಂದು ಅಟ್ಟಣಿಗೆಯತ್ತ ಕಣ್ಣು ತೋರಿಸಿದರು. "ಒಲೆಯ ಮೇಲೆಯೇ ಆ ಡಬ್ಬಿ ಇಟ್ಟಿದ್ದಾರೆ. ಬಿಸಿ ತಾಗಿ ಅದು ಸಿಡಿದರೆ? ನನಗೆ ಊರಲ್ಲಿ ಹೆಂಡತಿ ಮಕ್ಕಳಿದ್ದಾರೆ ಮಾರಾಯ್ರೆ. ಸೌತೆಕಾಯಿ ತಿಂದು ಯಾರೂ ಸತ್ತದ್ದು ಗೊತ್ತಿಲ್ಲ."

ಬಾಬಾ ತಟ್ಟೆಯಲ್ಲಿದ್ದ ಸೌತೆಕಾಯಿಯನ್ನು ನೋಡಿ ಮಗನಿಗೆ ಫೋನ್ ಮಾಡಿದರು: "ಗುಂಡು ಬೇರೆ ಕಡೆ ಇಡು. ಕಳ್ಳ ಬರುವ ಮೊದಲೇ ನಿಮ್ಮಪ್ಪ ಹಸಿವಿನಿಂದ ಹೋಗುತ್ತಾನೆ."

ಬೆರಳು ನೋಡುವ ಪೆಟ್ಟಿಗೆ

ಮಗ ಹವಲ್ಲಿಯ ಅಂಗಡಿಯೊಂದರಿಂದ ಹೊಸ ಪೆಟ್ಟಿಗೆ ತಂದ. ಬೀಗದ ಕೈ ಬೇಡ, ಬೆರಳು ಒತ್ತಿದರೆ ತೆರೆಯುತ್ತದೆ. ಪಿಸ್ತೂಲು, ಗುಂಡು ಎರಡೂ ಅದರೊಳಗೆ ಹೋದವು. ಬೇರೆ ಯಾರೂ ತೆರೆಯುವಂತಿಲ್ಲ, ಬಾಬಾ ಬೇಕೆಂದಾಗ ತಕ್ಷಣ ತೆರೆಯಬಹುದು. ಎಲ್ಲರಿಗೂ ಸಮಾಧಾನವಾಯಿತು.

ಬಾಬಾರ ಬೆರಳನ್ನು ಆ ಪೆಟ್ಟಿಗೆಗೆ ಪರಿಚಯ ಮಾಡಿಕೊಡಬೇಕಿತ್ತು. ಬೆರಳು ಒಂದು ಕಡೆ ನಿಲ್ಲಲಿಲ್ಲ. ಪೆಟ್ಟಿಗೆ ಕೀಂ ಕೀಂ ಎಂದು ಕೂಗಿತು. ಬಾಬಾ ಅದಕ್ಕೆ ಅರಬ್ಬಿಯಲ್ಲಿ ಬೈದರು, ಪೆಟ್ಟಿಗೆ ಮತ್ತೆ ಕೂಗಿತು. ಕಡೆಗೆ ಅವರ ಕೈ ಗಟ್ಟಿಯಾಗಿ ಹಿಡಿದು, ನಾನೇ ಒತ್ತಿಸಿದೆ. ಹಸಿರು ದೀಪ ಬಂತು. ಮಗ ಚಪ್ಪಾಳೆ ತಟ್ಟಿ ಮನೆಗೆ ಹೋದ.

ಮರುದಿನ ಬಾಬಾ ಬೆರಳಿಟ್ಟರು, ತೆರೆಯಲಿಲ್ಲ. ಒರೆಸಿ ಇಟ್ಟರು, ಕ್ರೀಮ್ ಹಚ್ಚಿ ಇಟ್ಟರು, ಬಿಸ್ಮಿಲ್ಲಾ ಹೇಳಿ ಇಟ್ಟರು. ಪೆಟ್ಟಿಗೆಗೆ ಅವರ ಗುರುತೇ ಇಲ್ಲ. "ಇದಕ್ಕೇನಾಗಿದೆ?" ಎಂದು ನಾನು ಸುಮ್ಮನೆ ಬೆರಳಿಟ್ಟು ನೋಡಿದೆ. ಪೆಟ್ಟಿಗೆ ಟಕ್ ಎಂದು ಬಾಯಿ ತೆರೆಯಿತು. ಹಿಂದಿನ ದಿನ ಅವರ ಬೆರಳಿನ ಜೊತೆ ನನ್ನ ಬೆರಳೂ ಜಾರಿ ಅದರ ಮೇಲೆ ಕುಳಿತಿತ್ತು.

ಸಂಜೆ ಫ್ಲ್ಯಾಟಿಗೆ ಹೋಗಿ ಗಂಡನಿಗೆ ಹೇಳಿದರೆ ಅವರು ತಲೆ ಮೇಲೆ ಕೈಯಿಟ್ಟರು. "ಇಕಾಮಾ ಪರವಾನಗಿಯ ಮೇಲೆ ಈ ದೇಶದಲ್ಲಿ ಬದುಕುವ ನಮಗೆ ಇದೆಲ್ಲ ಬೇಕಾ? ಮೊದಲು ಆ ಬೆರಳು ತೆಗೆಸು ಮಾರಾಯ್ತಿ."

ಮರುದಿನ ಬಾಬಾರಿಗೆ ಬೇರೆಯೇ ಚಿಂತೆ. "ಸಿಸ್ಟರ್, ಸಂಜೆ ಆರಕ್ಕೆ ನಿನ್ನ ಡ್ಯೂಟಿ ಖಲಾಸ್. ಕಳ್ಳ ಆರರ ಮೇಲೆ ಬಂದರೆ ನಾನೇನು ಮಾಡಲಿ?"

"ಬೆಳಿಗ್ಗೆ ಬರಲಿಕ್ಕೆ ಹೇಳಿ ಬಾಬಾ," ಎಂದೆ.

ಸಲಾಂ ಹೇಳಿದವನು

ಮಗ ಬಂದು ಪೆಟ್ಟಿಗೆಯನ್ನು ವಾಪಸು ತೆಗೆದುಕೊಂಡು ಹೋದ. ಹೊಸದು ಬರುವವರೆಗೆ ಪಿಸ್ತೂಲು ಒಂದು ಕಪಾಟಿನಲ್ಲಿ, ಗುಂಡು ಇನ್ನೊಂದು ಕಪಾಟಿನಲ್ಲಿ ಎಂದಾಯಿತು. ಮಗಳು ಕಡ್ಡಿ ಮುರಿದ ಹಾಗೆ ಹೇಳಿ ಹೋಗಿದ್ದಳು: "ಇನ್ನೊಂದು ಸಲ ದಿಂಬಿನ ಕೆಳಗೆ ಸಿಕ್ಕಿದರೆ ನಾನು ನಿಮ್ಮ ಬಟ್ಟೆ ಕಟ್ಟುತ್ತೇನೆ. ಈ ಮನೆಗೆ ಬೀಗ."

ಬಾಬಾ ಹೂಂ ಎಂದರು. ಆ ಹೂಂ ಎಂಥದ್ದೆಂದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ.

ಊಟ ಮುಗಿಸಿ ಬಾಬಾ ಮಲಗಿದ್ದರು. ಮಾಳಿಗೆಯ ಮೇಲೆ ದಬ ದಬ ಹೆಜ್ಜೆ ಸದ್ದು. ಬಾಬಾ ಕಣ್ಣು ಬಿಟ್ಟರು. "ಹರಾಮಿ! ಕಳ್ಳ!" ಎಂದವರೇ ದಿಂಬಿನ ಕೆಳಗೆ ಕೈ ಹಾಕಿದರು. ಕೈಯಲ್ಲಿ ಪಿಸ್ತೂಲು ಬಂತು. ಬೆಳಿಗ್ಗೆ ನಾನು ಹಾಸಿಗೆ ಸರಿ ಮಾಡಿ ಆಚೆ ಹೋದ ಮೇಲೆ, ಕಪಾಟಿನಿಂದ ತೆಗೆದು ಗುಂಡು ತುಂಬಿಸಿಯೇ ಇಟ್ಟುಕೊಂಡಿದ್ದರು.

ಅದರ ಮೂತಿ ಒಮ್ಮೆ ಬಾಗಿಲಿಗೆ, ಒಮ್ಮೆ ಫ್ಯಾನಿಗೆ, ಒಮ್ಮೆ ನನಗೆ. ಮಾತೆ ಮರಿಯಮ್ಮ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾ, ಬಾಯಿಗೆ ಬಂದದ್ದನ್ನು ಹೇಳಿದೆ: "ಬಾಬಾ, ಬನಿಯನ್ನಿನಲ್ಲಿ ಹೋಗುವುದಾ?"

ಬಾಬಾ ತಮ್ಮ ಮೈ ನೋಡಿಕೊಂಡರು. ಬನಿಯನ್ನು, ಒಳಪೈಜಾಮ. ಕುವೈತಿನ ಮರ್ಯಾದಸ್ಥರು ಹೊರಗಿನವರ ಎದುರು ಹಾಗೆ ನಿಲ್ಲುವವರಲ್ಲ, ಆ ಹೊರಗಿನವನು ಕಳ್ಳನೇ ಆಗಿರಲಿ. "ದಿಶ್ದಾಶಾ ಕೊಡು," ಎಂದರು.

ನಾನು ಬಿಳಿ ನಿಲುವಂಗಿ ತಂದೆ. ಅದಕ್ಕೆ ಕೈ ತೂರಿಸಬೇಕಾದರೆ ಪಿಸ್ತೂಲು ಹಾಸಿಗೆಯ ಮೇಲೆ ಇಡಲೇಬೇಕು. ಇಟ್ಟರು. ನನ್ನ ಜನ್ಮದಲ್ಲಿ ಅಷ್ಟು ನಿಧಾನವಾಗಿ ಗುಂಡಿ ಹಾಕಿದವಳಲ್ಲ ನಾನು. ಆಮೇಲೆ ತಲೆಗೆ ಹಾಕುವ ಗುತ್ರಾ ಕೊಟ್ಟೆ. "ಇದಕ್ಕೆ ಇಸ್ತ್ರಿ ಇಲ್ಲ," ಎಂದರು. ಇನ್ನೊಂದು ತಂದೆ. ಕನ್ನಡಿ ಹಿಡಿದೆ. ಹಲ್ಲಿನ ಸೆಟ್ಟು ಕೊಟ್ಟೆ. ಅತ್ತರು ಸಹ ಹಚ್ಚಿದೆ.

ಅಷ್ಟರಲ್ಲಿ ಹೆಜ್ಜೆಗಳು ಮೆಟ್ಟಿಲಿಳಿದು ಬಂದವು. ಬಾಗಿಲಲ್ಲಿ ಒಬ್ಬ ಬಡಕಲು ಯುವಕ, ಕೈಯಲ್ಲಿ ಸ್ಪ್ಯಾನರು, ಮೈಯೆಲ್ಲ ಧೂಳು. "ಅಸ್ಸಲಾಮು ಅಲೈಕುಮ್," ಎಂದ.

ಸಲಾಂ ಕಿವಿಗೆ ಬಿದ್ದದ್ದೇ ತಡ, ಬಾಬಾರ ಬೆನ್ನು ನೆಟ್ಟಗಾಯಿತು. "ವಅಲೈಕುಮ್ ಸಲಾಂ! ತಫದ್ದಲ್, ಬಾ ಬಾ, ಒಳಗೆ ಬಾ," ಎಂದು, ಹಾಸಿಗೆಯ ಕಡೆ ತಿರುಗಿಯೂ ನೋಡದೆ, ಅವನನ್ನು ಅತಿಥಿಗಳು ಕೂರುವ ದಿವಾನಿಯಾಕ್ಕೆ ಕರೆದುಕೊಂಡು ಹೋದರು. ಮೆಲ್ಲಗೆ ನನ್ನ ಕಿವಿಯಲ್ಲಿ, "ಕಳ್ಳನಾದರೇನು, ಸಲಾಂ ಹೇಳಿದ್ದಾನೆ," ಎಂದರು.

ಬಂದವರಿಗೆ ಮೊದಲು ಕಾಫಿ, ಬಂದ ಕಾರಣ ಆಮೇಲೆ. ದಿವಾನಿಯಾದಲ್ಲಿ ಹೂಜಿ ತುಂಬ ಕಾಫಿ ಯಾವಾಗಲೂ ಸಿದ್ಧ. ಬಾಬಾ ಫಿಂಜಾನ್ ಎನ್ನುವ ಪುಟ್ಟ ಬಟ್ಟಲಿಗೆ ತಾವೇ ಬಗ್ಗಿಸಿದರು. ಸ್ವಲ್ಪ ಬಟ್ಟಲಿಗೆ, ಉಳಿದದ್ದು ಅವನ ಮಂಡಿಗೆ. ಪಾಪ, ಅವನು ಕಮಕ್ ಕಿಮಕ್ ಎನ್ನದೆ ಕುಡಿದ. ಬಾಬಾ ಮತ್ತೆ ಬಗ್ಗಿಸಿದರು. ಮತ್ತೆ ಕುಡಿದ. ಸಾಕೆನ್ನಲು ಖಾಲಿ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕು. ಅಲ್ಲಾಡಿಸದವನಿಗೆ ಬಗ್ಗಿಸುತ್ತಲೇ ಇರುವುದು ಯಜಮಾನರ ಧರ್ಮ. ದೇಶಕ್ಕೆ ಹೊಸಬನಾದ ಅವನಿಗೆ ಇದು ಗೊತ್ತಿಲ್ಲ. ಕೊಟ್ಟದ್ದನ್ನು ಬೇಡ ಎಂದರೆ ಎಲ್ಲಿ ಸಿಟ್ಟು ಬರುತ್ತದೋ ಎಂದು ಕುಡಿಯುತ್ತಲೇ ಇದ್ದ. ಅಲ್ಲಾಡಿಸು ಎಂದು ನಾನು ಹಿಂದಿನಿಂದ ಸನ್ನೆ ಮಾಡಿದೆ. ಅವನು ತಲೆ ಅಲ್ಲಾಡಿಸಿದ. ಬಾಬಾ ಇನ್ನಷ್ಟು ಬಗ್ಗಿಸಿದರು.

ಕೊನೆಗೆ ಅವನ ಕಣ್ಣಲ್ಲಿ ನೀರು ಬಂತು. "ಬಾಬಾ, ನಾನು ಎಸಿ ರಿಪೇರಿಯವನು. ಅಡುಗೆ ಭಾಯಿ ಮಾಳಿಗೆಗೆ ಕಳಿಸಿದ್ದರು. ಕೆಲಸ ಆಗಿದೆ. ನನ್ನನ್ನು ಬಿಟ್ಟುಬಿಡಿ, ಇನ್ನು ಕುಡಿಯಲಿಕ್ಕೆ ಆಗುವುದಿಲ್ಲ."

ಅವನನ್ನು ಕಳಿಸಿ ಒಳಗೆ ಬಂದಾಗ ಬಾಬಾ ರತ್ನಗಂಬಳಿಯ ಮೇಲೆ ಚೆಲ್ಲಿದ ಕಾಫಿಯನ್ನೇ ನೋಡುತ್ತಾ ಕುಳಿತಿದ್ದರು.

"ಇಷ್ಟು ಹತ್ತಿರದಿಂದ ಕಾಫಿಯೇ ಬಟ್ಟಲಿಗೆ ಬೀಳಲಿಲ್ಲ, ಸಿಸ್ಟರ್. ಇನ್ನು ಗುಂಡು ಎಲ್ಲಿಗೆ ಹೋಗುತ್ತಿತ್ತೋ," ಎಂದರು. "ನನ್ನ ಹೆಂಡತಿಗೆ ಕಳ್ಳರೆಂದರೆ ತುಂಬಾ ಹೆದರಿಕೆ. ಆ ಪಿಸ್ತೂಲು ದಿಂಬಿನ ಕೆಳಗೆ ಇದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು. ಈಗ ಅವಳಿಲ್ಲ, ನಾನು ಮಾತ್ರ ಇಟ್ಟುಕೊಂಡೇ ಇದ್ದೇನೆ," ಎಂದರು. ಒರೆಸುವ ಬಟ್ಟೆ ತರುವ ನೆಪದಲ್ಲಿ ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಆ ಸಂಜೆಯೇ ಮಗನನ್ನು ಕರೆಸಿ, ಪಿಸ್ತೂಲು, ಗುಂಡು, ಲೈಸೆನ್ಸ್ ಎಲ್ಲ ಅವನ ಕೈಗಿಟ್ಟು, ಸರ್ಕಾರಕ್ಕೆ ಒಪ್ಪಿಸಿ ಬಾ ಎಂದರು. ಬಟ್ಟೆ ಕಟ್ಟುವ ಮಾತನ್ನು ಮಗಳು ಮತ್ತೆ ಎತ್ತಲಿಲ್ಲ. ಬಾಬಾ ತಮ್ಮ ಮನೆಯಲ್ಲೇ ಉಳಿದರು.

ಮರುದಿನ ದಿಂಬು ಎತ್ತಿದೆ. ಕೆಳಗೆ ಏನೂ ಇರಲಿಲ್ಲ. ನನಗೇ ಬಿಕೋ ಎನಿಸಿತು. "ಇನ್ನು ಕಳ್ಳ ಬಂದರೆ ಎಂತ ಮಾಡುವುದು ಬಾಬಾ?" ಎಂದು ಕೇಳಿದೆ.

"ಕೂರಿಸಿ ಕಾಫಿ ಬಗ್ಗಿಸುತ್ತಾ ಇರು," ಎಂದರು ಬಾಬಾ. "ಪೊಲೀಸರು ಬರುವ ತನಕ ಬಟ್ಟಲು ಅಲ್ಲಾಡಿಸುವುದನ್ನು ಮಾತ್ರ ಹೇಳಿಕೊಡಬೇಡ."