ಗ್ಯಾಲರಿಯಲ್ಲಿ ಬಿತ್ತನೆ ಕಡಲೆಕಾಯಿ

ಮೊಮ್ಮಗಳ ಚಿತ್ರಕಲಾ ಶಾಲೆಯ ಆವರಣದಲ್ಲಿ ಒಂದು ಗ್ಯಾಲರಿಯಿದೆ. ವಿದ್ಯಾರ್ಥಿಗಳ ಪ್ರದರ್ಶನ ಇದ್ದಾಗಲೆಲ್ಲ ಶಿರಾದಿಂದ ನಾವು ಮನೆಮಂದಿ ಹೋಗುತ್ತೇವೆ. ಹೋದಾಗಲೆಲ್ಲ ಏನಾದರೊಂದು ಆಗುತ್ತದೆ. ನಾನು ಆ ಕಾಲದ ಬಿ.ಎ. ಆಹ್ವಾನ ಪತ್ರಿಕೆಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೇನೆ. ಅವುಗಳಲ್ಲಿ ಅಚ್ಚಾಗದೆ ಉಳಿದದ್ದು ಇಷ್ಟು.

ಚಪ್ಪಲಿ

ಒಳಗಿನ ಬೆಳಕು, ಬಿಳಿ ಗೋಡೆ, ಆ ಮೌನ ನೋಡಿ ನಮ್ಮ ಯಜಮಾನರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದರು. ಹೊರಡುವಾಗ ಮೆಟ್ಟಿಕೊಳ್ಳಲು ಹೋದರೆ ಕಾವಲುಗಾರ ಓಡಿಬಂದ.

"ಕಲಾಕೃತಿ ಮುಟ್ಟಂಗಿಲ್ಲ ಯಜಮಾನ್ರೇ!"

ಯಾರೋ ವಿದ್ಯಾರ್ಥಿ ಅಲ್ಲಿ ಹಳೇ ಚಪ್ಪಲಿಗಳನ್ನೇ ಸಾಲಾಗಿ ಜೋಡಿಸಿದ್ದನಂತೆ. ಇವರದ್ದೂ ಆ ಸಾಲಿಗೆ ಸೇರಿಹೋಗಿತ್ತು. ಇವರು ಜಗಳವಾಡಲಿಲ್ಲ. ದೂರ ನಿಂತು ಬೆರಗಾಗಿ ನೋಡಿದರು.

"ನನ್ ಚಪ್ಪಲಿ ಇಷ್ಟು ಚೆನ್ನಾಗೈತೆ ಅಂತ ಮನೇಲಿ ಗೊತ್ತೇ ಆಗ್ಲಿಲ್ಲ ಕಣೇ!"

ಭಾವಚಿತ್ರ

ಮರುವರ್ಷ ಮೊಮ್ಮಗಳು ಪಾವಗಡದ ನನ್ನ ನಾದಿನಿಯ ಮುಖವನ್ನು ಇದ್ದಿಲಿನಲ್ಲಿ ಬರೆದಿದ್ದಳು. ಒಂದೊಂದು ಸುಕ್ಕೂ ಉಸಿರಾಡುತ್ತಿತ್ತು. ಸುತ್ತ ಕಟ್ಟು, ಮೇಲೊಂದು ದೀಪ. ಗೌಡಗೆರೆಯ ನೆಂಟರೊಬ್ಬರು ಅದನ್ನು ನೋಡಿ ಹೊರಗೋಡಿ, ಒಂದು ಮೊಳ ಮಲ್ಲಿಗೆ ತಂದು ಚಿತ್ರಕ್ಕೆ ಏರಿಸಿ ಕಣ್ಣೊರೆಸಿಕೊಂಡರು.

"ಯಾವಾಗ ಹೋದ್ರಮ್ಮ? ನಮ್ಗೊಂದು ಮಾತು ಹೇಳ್ಬಾರ್ದಾಗಿತ್ತಾ?"

ಹಿಂದೆಯೇ ನಿಂತಿದ್ದ ನಾದಿನಿ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳುತ್ತಾ ಕೈಚಾಚಿದರು. "ಉನ್ನಾನು ಕದಣ್ಣಾ, ಇಲ್ಲೇ ಇವ್ನಿ! ಆ ಹೂವ ಇತ್ತ ಕೊಡು, ಮುಡ್ಕಂತೀನಿ."

ಕಡಲೆಕಾಯಿ

ಕೊನೆಯ ವರ್ಷದ್ದು ಪರೀಕ್ಷೆಯ ಪ್ರದರ್ಶನ. ಪರೀಕ್ಷಕರು ನೋಡಿ ಒಪ್ಪಿದರಷ್ಟೇ ಪದವಿ. ಮೊಮ್ಮಗಳಿಗೆ ಊಟವೇ ಸೇರುತ್ತಿರಲಿಲ್ಲ. ಗ್ಯಾಲರಿಯ ನೆಲದ ಮೇಲೆ ಬರೀ ಕಡಲೆಕಾಯಿಯಲ್ಲಿ ಮಧುಗಿರಿ ಬೆಟ್ಟ ಕಟ್ಟಿದ್ದಳು. ಆ ಬಂಡೆಯ ಬೆನ್ನು, ಕೋಟೆಯ ಏರು ನೋಡುತ್ತಾ ನಾನು ಎರಡು ಸುತ್ತು ಬಂದೆ. ಪರೀಕ್ಷಕರನ್ನು ಎದುರುಗೊಳ್ಳಲು ನಾನೂ ಅವಳೂ ಹೊರಗೆ ಹೋದೆವು.

ನಮ್ಮ ಕಡೆ ಬಿತ್ತನೆಗೆ ಮುಂಚೆ ಯಾರ ಮನೆಯಲ್ಲಿ ಕಡಲೆಕಾಯಿ ರಾಶಿ ಕಂಡರೂ, ಹೋದವರು ಕೂತು ಒಂದಷ್ಟು ಬಿಡಿಸಿಕೊಟ್ಟೇ ಏಳುವುದು. ನಾವು ಪರೀಕ್ಷಕರನ್ನು ಕರೆದುಕೊಂಡು ಬರುವಷ್ಟರಲ್ಲಿ ನಾದಿನಿ ಬೆಟ್ಟದ ಬುಡದಲ್ಲಿದ್ದರು, ಸುತ್ತ ಕಂಡವರನ್ನೆಲ್ಲ ಕೂರಿಸಿಕೊಂಡು. ಅರ್ಧ ಕೋಟೆ ಬೀಜವಾಗಿತ್ತು. ಮೊಮ್ಮಗಳು ಪರೀಕ್ಷಕರ ಮುಖ ನೋಡಿದಳು.

"ಪಾಪ, ಮಗು ಒಂದೇ ಎಷ್ಟೂಂತ ಬಿಡಿಸ್ತದೆ? ನೀನೂ ಕುತ್ಕಳಪ್ಪ," ಎಂದರು ನಾದಿನಿ, ಪರೀಕ್ಷಕರಿಗೆ.

ಅವರು ಕೂತೇಬಿಟ್ಟರು! ಬಿಡಿಸುತ್ತಾ ಒಂದು ಬೀಜ ಬಾಯಿಗೆತ್ತಿದರು. ನಾದಿನಿ ಅವರ ಕೈಮೇಲೆ ಪಟ್ಟನೆ ಒಂದು ಕೊಟ್ಟರು.

"ಬಿತ್ನೆ ಬೀಜ ಕಣಪ್ಪಾ!"

ಬೀಜ ರಾಶಿಗೆ ವಾಪಸಾಯಿತು. ಬೆಟ್ಟ ಕರಗುತ್ತಲೇ ಇತ್ತು, ಮಾತು ನಗು ಏರುತ್ತಲೇ ಇತ್ತು. ಪರೀಕ್ಷಕರು ಸುತ್ತಲೂ ಕಣ್ಣರಳಿಸಿ ನೋಡಿ, ಮೊಮ್ಮಗಳನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು:

"ಜನ ಬಂದು ಹೀಗೆ ಕೂರೋ ಕಲಾಕೃತಿ ನಾನು ಕಂಡೇ ಇಲ್ಲ. ನೀನು ಪಾಸಮ್ಮ, ಅನುಮಾನವೇ ಬೇಡ. ಈಗ ಈ ಅಮ್ಮನ್ನ ಕೇಳಿ, ನನ್ನನ್ನ ಏಳೋಕೆ ಬಿಡಿಸು."