ಮೂವತ್ತೆಂಟ ದಿನ ಮಲಗದ ಕಂಪ್ಯೂಟರ್

ನಮ್ಮ ಬೈರಿದೇವರಕೊಪ್ಪದ ಓಣ್ಯಾಗ ಒಂದ ದಿನಾನೂ ಸುಮ್ಕ ಹೋಗೂದಿಲ್ರಿ. ನಾ ಕಾಲ ಚಾಚಿ ಕುಂಡ್ರೂದ್ರಾಗ ಬಾಜೂ ಮನ್ಯಾಗ ಏನರ ಶುರು ಆಗತೈತಿ. ನಾ ಐದನೇತ್ತಾಕ ಸಾಲಿ ಬಿಟ್ಟಾಕಿ, ಕಂಪ್ಯೂಟರ್ ಗೊಡವಿ ನನಗ್ಯಾಕ? ಖರೇ, ಈ ಸರ್ತಿ ಅದು ನನ್ನ ಮ್ಯಾಲೇ ಬಂತು.

ಒಂದ ದೋತ್ರ

ಬಾಜೂ ಮನಿ ಸೊಸಿಗೆ ಎರಡ ವರ್ಷದ ಕೂಸ ಐತಿ ಅಂತ ಆಫೀಸ್‌ನವರು ಮನ್ಯಾಗ ಕುಂತ ಲ್ಯಾಪ್‌ಟಾಪ್‌ನ್ಯಾಗ ಕೆಲಸಾ ಮಾಡಾಕ ಬಿಟ್ಟಾರ. ಅವತ್ತ ನಾ ಕಂಪೌಂಡ್ ಹಂತೇಕ ಅರಬಿ ಒಣಾ ಹಾಕಾಕತ್ತಿದ್ದೆ. ಆಕಿ ಆಫೀಸಿನ ಕಂಪ್ಯೂಟರ್ ಸಾಹೇಬನ ಫೋನ್ ಬಂತು, ಸ್ಪೀಕರ್‌ನ್ಯಾಗ.

"ಮೇಡಮ್ರ, ಭಾಳ ನಿಧಾನ ಆಗೇತಿ ಅಂತೀರಿ. ಯಾವಾಗ ಬಂದ್ ಮಾಡಿದ್ರಿ?"

"ನಿನ್ನೆ ಸಂಜೀ ಆರಕ್ಕ. ದಿನಾ ಮಾಡತೇನ್ರಿ."

"ಇಲ್ಲಿ ನೋಡಿದ್ರ ಮೂವತ್ತೆಂಟ ದಿನದಿಂದ ಚಾಲೂನ ಐತಿ ಅಂತ ತೋರಸಾಕತ್ತೈತಿ."

"ಅದು ಸುಳ್ಳ ಹೇಳತೈತ್ರಿ!"

"ಕಂಪ್ಯೂಟರ್ ಸುಳ್ಳ ಹೇಳೂದಿಲ್ರಿ. ನಾಳೆ ಒಂಬತ್ತಕ್ಕ ಕೇಳತೇನಿ, ಸೊನ್ನಿ ದಿನ ಇರಬೇಕು. ಇರಲಿಲ್ಲಂದ್ರ ದಿನಾ ಧಾರವಾಡದ ಆಫೀಸಿಗೆ ಬಂದ ಕುಂಡ್ರಿ."

ನಾ ಒಂದ ದೋತ್ರಾನ ಅರ್ಧಾ ತಾಸು ಒಣಾ ಹಾಕಾಕತ್ತಿದ್ದೆ. ಅದು ಕೈಯಾಗನ ಒಣಗಿತ್ತು.

ಕೀಲಿ ಯಾರ ಕಡೆ?

ಧಾರವಾಡಕ್ಕ ಹೋದ್ರ ಕೂಸ ಯಾರ್ ನೋಡಬೇಕು? ಅದು ತನ್ನ ಕೊರಳಿಗೆ ಬೀಳತೈತಿ ಅಂತ ಅತ್ತಿಗೆ ಗೊತ್ತಾತು. ಸೊಸಿ ಅತ್ತ ಓಡ್ಯಾಡಿದ್ಲು, ಅತ್ತಿ ಇತ್ತ ಓಡ್ಯಾಡಿದ್ಲು. ತಾರಿಹಾಳದ ವರ್ಕ್‌ಶಾಪ್‌ನಿಂದ ಬಂದ ಗಂಡ ಬೂಟ ಸೈತ ಬಿಚ್ಚದ ನಡುವ ನಿಂತಾ.

"ನಾ ಬಂದ್ ಮಾಡಿದ ಮ್ಯಾಲ ಯಾರೋ ಚಾಲೂ ಮಾಡತೀರಿ" ಅಂದ್ಲು ಸೊಸಿ.

"ನೀನ ಇಸ್ಪೀಟ ಆಡತಿ" ಅಂತ ಅತ್ತಿ ಮಗನ ಕಡೆ ಬಟ್ಟ ತೋರಿಸಿದ್ಲು.

"ನೀನ ಬೇ, ಸೀರಿಯಲ್ ನೋಡತಿ!"

"ನನಗ ಟಿವಿ ರಿಮೋಟ್ ಹಿಡ್ಯಾಕ ಬರೂದಿಲ್ಲೋ, ಭಾಡ್ಯಾ!"

ಕಡೀಕ ಲ್ಯಾಪ್‌ಟಾಪ್ ಬಂದ್ ಮಾಡಿ ತಿಜೂರ್ಯಾಗ ಇಟ್ಟು ಕೀಲಿ ಹಾಕಿದ್ರು. ಮನ್ಯಾಗ ಒಬ್ಬರ ಮ್ಯಾಲ ಒಬ್ಬರಿಗೆ ನಂಬಿಕಿ ಇಲ್ಲ. "ಕಾಕು, ಕೀಲಿ ನೀವ ಇಟಗೊಳ್ರಿ" ಅಂತ ಸೊಸಿ ಕಂಪೌಂಡ್ ಮ್ಯಾಲಿಂದ ನನ್ನ ಕೈಗೆ ಕೊಟ್ಲು. ಸೆರಗಿಗೆ ಗಂಟ ಹಾಕ್ಕೊಂಡೆ.

ಮರದಿನಾ ಎಂಟೂವರಿಗೆ ನಾ ಹೋಗಿ ಕೀಲಿ ತೆಗದ ನೋಡಿದ್ರ, ಮೂವತ್ತೊಂಬತ್ತ ದಿನ!

ಮೂರೂ ಮಂದಿ ನನ್ನ ಮಾರಿ ನೋಡಿದ್ರು.

ಮೇನ್ ಸ್ವಿಚ್ಚು

ಇನ್ನ ಅರ್ಧಾ ತಾಸು ಇತ್ತು. ಅತ್ತಿ ಓಡಿ ಹೋಗಿ ಮನಿ ಮೇನ್ ಸ್ವಿಚ್ಚ ಕೆಳಗ ಎಳದ್ಲು. ಫ್ಯಾನ್ ನಿಂತು, ಫ್ರಿಜ್ ನಿಂತು, ಮಿಕ್ಸರ್‌ನ್ಯಾಗ ಚಟ್ನಿ ಅರ್ಧಕ್ಕ ನಿಂತು. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿ ಮ್ಯಾಲ ಆರಾಮ ಬೆಳಗಾಕತ್ತಿತ್ತು.

"ಇಡೀ ಮನ್ಯಾಗ ಇದೊಂದಕ್ಕ ಜೀವಾ ಐತಿ ನೋಡ್ರಿ" ಅಂದೆ. ಯಾರೂ ನಗಲಿಲ್ಲ. ದಿನಾ ನಮ್ಮನಿಗೆ ಒಂದ ವಾಟಿ ಬರತಿದ್ದ ಚಟ್ನಿನೂ ಅವತ್ತ ಬರಲಿಲ್ಲ.

ಸೊನ್ನಿ

ಒಂಬತ್ತಕ್ಕ ಸಾಹೇಬನ ಫೋನ್. "ಎಷ್ಟೈತ್ರಿ?"

"ಮೂವತ್ತೊಂಬತ್ರಿ" ಅಂತ ಸೊಸಿ ಅಳಾಕ ಹತ್ತಿದ್ಲು.

"ಹಂಗಾರ ಸೋಮವಾರದಿಂದ ಧಾರವಾಡ."

ಅತ್ತಿ ಫೋನ್ ಕಸಗೊಂಡ್ಲು. "ಏ ಸಾಹೇಬಾ, ನೀ ನಿನ್ನ ಕಂಪ್ಯೂಟರ್ ದಿನಾ ಬಂದ್ ಮಾಡತಿ ಏನ?"

"ದಿನಾ ಮಾಡತೇನ್ರಿ, ಅವ್ವಾರ."

"ನಿಂದೆಷ್ಟ ದಿನ ಆಗೇತಿ, ಓದಿ ಹೇಳು."

ಫೋನ್‌ನ್ಯಾಗ ಟಕಟಕ ಸಪ್ಪಳಾ.

"ನೂರಾ ನಾಕು... ಅವ್ವಾರ."

"ಈಗ ಹೇಳು, ಸುಳ್ಳ ಹೇಳಾಕತ್ತಿದ್ದು ನೀನೋ, ನಿನ್ನ ಕಂಪ್ಯೂಟರೋ?"

ಹತ್ತ ಮಿನಿಟ ಯಾರನ್ನೋ ಕೇಳಕೊಂಡ ತಿರಗಿ ಫೋನ್ ಮಾಡಿದಾ. ಬಂದ್ ಮಾಡಿದ್ರ ಇದು ಪೂರ್ತಿ ಬಂದ್ ಆಗೂದಿಲ್ಲಂತ, ಮಲಗಿದಂಗ ಮಾಡತೈತಂತ, ದಿನದ ಲೆಕ್ಕಾ ಹಂಗ ಓಡತೈತಂತ. ರೀಸ್ಟಾರ್ಟ್ ಒತ್ತಿದ್ರಷ್ಟ ಸೊನ್ನಿ. ಸೊಸಿ ಒತ್ತಿದ್ಲು. ಸೊನ್ನಿ ದಿನ, ಎರಡ ಮಿನಿಟ. "ಧಾರವಾಡ ಬ್ಯಾಡ್ರಿ, ಮನ್ಯಾಗ ಮಾಡ್ರಿ" ಅಂದಾ.

ಅತ್ತಿ ಫೋನ್ ಬಿಡಲಿಲ್ಲ. "ಈಗ ನಿಂದೂ ಒತ್ತು. ನಾಳೆ ಒಂಬತ್ತಕ್ಕ ಕೇಳತೇನಿ."

ಕೇಳೂ ಪಾಳಿನ ಬರಲಿಲ್ರಿ. ಈಗ ದಿನಾ ಒಂಬತ್ತ ಹೊಡೀತು ಅಂದ್ರ ಸಾಹೇಬ ತಾನ ಅತ್ತಿಗೆ ಫೋನ್ ಹಚ್ಚತಾನ:

"ಅವ್ವಾರ, ನಂದ ಸೊನ್ನಿ ಐತ್ರಿ."